ನಗಬೇಡಿಯವರು ನೋಡಿದ ಎರಡನೇ ಅರ್ಧ

ಆ ಬೀದಿಯಲ್ಲಿ ಅವರ ನಿಜವಾದ ಹೆಸರು ಬೇಕಾಗುತ್ತಿದ್ದದ್ದು ಅಂಚೆಯವನಿಗೆ ಮಾತ್ರ. ಹೆಂಡತಿಗೂ ಅದು ಗೊತ್ತಿತ್ತು, ಆದರೆ ಅವರ ಸಂಸಾರ 'ರೀ' ಎಂಬ ಒಂದಕ್ಷರದಲ್ಲೇ ನಡೆದುಹೋಗುತ್ತಿತ್ತು. ಉಳಿದವರಿಗೆಲ್ಲ ಅವರು ನಗಬೇಡಿಯವರು.

ಗುರುತಿನ ಚೀಟಿ ಕೊಡುವ ಕಚೇರಿಯ ಎದುರಿಗೇ ಅವರ ಫೋಟೋ ಸ್ಟುಡಿಯೋ. ಒಂದು ಸ್ಟೂಲು, ಅದರ ಹಿಂದೆ ಬಿಳಿ ಪರದೆ, ಎರಡು ದೀಪ, ಒಂದು ಕನ್ನಡಿ, ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಗೆ. ಗುರುತಿನ ಚೀಟಿಯ ಫೋಟೋದಲ್ಲಿ ಹಲ್ಲು ಕಾಣಬಾರದು, ತುಟಿಯ ತುದಿ ಮೇಲೇಳಬಾರದು, ಹುಬ್ಬು ಏರಬಾರದು. ಮನುಷ್ಯ ಬದುಕಿದ್ದಾನೆ ಎಂಬುದಕ್ಕಿಂತ ಹೆಚ್ಚಿನ ಸುಳಿವನ್ನು ಮುಖ ಕೊಡಬಾರದು. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಒಂದೇ ಮಾತು: "ನಗಬೇಡಿ." ಹೊಸದಾಗಿ ಕೆಲಸ ಸಿಕ್ಕ ಹುಡುಗನಿಗೂ ನಗಬೇಡಿ, ಮದುವೆ ಗೊತ್ತಾದ ಹುಡುಗಿಗೂ ನಗಬೇಡಿ. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಬಂದವರು ಕೂಡ ಆ ಮಾತು ಕೇಳಿದೊಡನೆ ಕಿಸಕ್ಕನೆ ನಗುತ್ತಿದ್ದರು. ಆಗ ಅವರು ತಾಳ್ಮೆಯಿಂದ, "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ಸ್ವಲ್ಪ ಅವರನ್ನ ನೆನೆಸ್ಕೊಳ್ಳಿ" ಎನ್ನುತ್ತಿದ್ದರು. ಆದರೆ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಕ್ಯಾಮೆರಾ ಕ್ಲಿಕ್ಕೆಂದ ಮರುಕ್ಷಣ "ಆಯ್ತು, ಈಗ ನಗಬಹುದು" ಎಂದು ಹೇಳುವುದನ್ನು ಅವರು ಒಮ್ಮೆಯೂ ಮರೆತವರಲ್ಲ.

ಇಷ್ಟು ಜಾಗರೂಕತೆಯಿಂದ ತೆಗೆದ ಫೋಟೋವನ್ನೂ ತಿರಸ್ಕರಿಸುವವರು ಎದುರಿನ ಕಚೇರಿಯಲ್ಲಿ ಒಬ್ಬರಿದ್ದರು. ಕೊನೆಯ ಕೌಂಟರಿನಲ್ಲಿ ಕೂತು, ಫೋಟೋವನ್ನು ಭೂತಗನ್ನಡಿಯಡಿ ಹಿಡಿದು, "ಎಡಗಡೆ ತುಟಿ ನಗ್ತಾ ಇದೆ. ವಾಪಸ್" ಎನ್ನುವ ಅಧಿಕಾರಿ. ಬೀದಿಗೆಲ್ಲ ಅವರು ವಾಪಸ್ ಸಾಹೇಬರು. ನಗಬೇಡಿಯವರೂ ಅವರೂ ಒಂದು ದಿನವೂ ಮಾತಾಡಿರಲಿಲ್ಲ. ಆದರೂ ವಾಪಸ್ ಬಂದ ಒಂದೊಂದು ಫೋಟೋವೂ ಅವರಿಬ್ಬರ ನಡುವಿನ ಒಂದೊಂದು ಜಗಳವಾಗಿತ್ತು.

ಜೀವಮಾನವಿಡೀ ಮುಖಗಳಿಂದ ಭಾವನೆಯನ್ನು ಒರೆಸುತ್ತ ಬಂದ ನಗಬೇಡಿಯವರಿಗೆ, ಭಾವನೆಗಳ ವಿಷಯದಲ್ಲಿ ತನಗಿಂತ ದೊಡ್ಡ ತಜ್ಞ ಇಲ್ಲ ಎಂಬ ನಂಬಿಕೆ ಬೇರೂರಿತ್ತು. "ಕಳೆ ಕೀಳೋನಿಗೆ ಗೊತ್ತಿರೋಷ್ಟು ಗಿಡ ತೋಟದ ಯಜಮಾನನಿಗೂ ಗೊತ್ತಿರಲ್ಲ" ಎಂದು ಅವರು ಆಗಾಗ ಹೇಳುವುದಿತ್ತು. ಹೆಂಡತಿ ಮಾತ್ರ, "ಬೆಳಗ್ಗೆಯಿಂದ ನನಗೆ ತಲೆನೋವು. ಅದು ಗೊತ್ತಾಯ್ತಾ ತಜ್ಞರಿಗೆ?" ಎಂದು ಕೇಳುತ್ತಿದ್ದರು. ಗೊತ್ತಾಗಿರುತ್ತಿರಲಿಲ್ಲ.

ಆ ವರ್ಷ ಮೊಮ್ಮಗಳು ಅವರ ಮನೆಯಲ್ಲಿದ್ದಳು. ಮಗಳಿಗೆ ದೂರದ ಊರಿಗೆ ವರ್ಗವಾಗಿ, ಅಲ್ಲಿ ಮನೆ ಸಿಗುವವರೆಗೆ ಮಗು ಅಜ್ಜಿ ತಾತನ ಹತ್ತಿರ ಇರಲಿ ಎಂದು ಬಿಟ್ಟುಹೋಗಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಮರಿ ಎನ್ನುತ್ತಿದ್ದರು. ಎರಡನೇ ತರಗತಿ. ಹೆಚ್ಚು ಮಾತಿಲ್ಲ, ಹಟವಿಲ್ಲ. ತಟ್ಟೆ ತಾನೇ ತೊಳೆದಿಡುವಳು. ಇಷ್ಟು ಒಳ್ಳೆಯ ಮಗು ಇದೆಯೇ ಎಂದು ನಗಬೇಡಿಯವರು ಹೆಮ್ಮೆಪಟ್ಟರು. "ಈ ವಯಸ್ಸಿನ ಮಗು ಇಷ್ಟು ಒಳ್ಳೇದಾಗಿರಬಾರದು ಕಣ್ರೀ" ಎಂದು ಅಜ್ಜಿ ನಿಟ್ಟುಸಿರುಬಿಟ್ಟರು. "ಶಾಲೆಯವರೆಲ್ಲ ನೋಡಿಯಾಯ್ತಂತೆ, ಆ ಭಾವನೆಗಳ ಸಿನಿಮಾಕ್ಕೆ ಕರ್ಕೊಂಡು ಹೋಗಿಬನ್ನಿ."

ಆ ಸಿನಿಮಾ ಎಂದರೆ ಲೋಕವೆಲ್ಲ ಹೊಗಳುತ್ತಿದ್ದ ಮಕ್ಕಳ ಅನಿಮೇಷನ್ ಚಿತ್ರ. ಒಬ್ಬ ಹುಡುಗಿಯ ಎದೆಯೊಳಗೆ ಒಂದು ರೈಲು ನಿಲ್ದಾಣ. ಅವಳ ಭಾವನೆಗಳೇ ಅಲ್ಲಿಯ ಪ್ರಯಾಣಿಕರು. ಕೋಪ ಟಿಕೆಟಿಲ್ಲದೆ ಹತ್ತುತ್ತದೆ. ರೈಲು ಹೊರಟ ಮೇಲೂ ಭಯ ಪ್ಲಾಟ್‌ಫಾರಂ ಯಾವುದೆಂದು ಕೇಳುತ್ತಿರುತ್ತದೆ. ಸಂತೋಷಕ್ಕೆ ಯಾವಾಗಲೂ ಕಿಟಕಿ ಪಕ್ಕದ ಸೀಟೇ ಬೇಕು. ದುಃಖ ಎಂದರೆ ಒಬ್ಬ ಮುದುಕಿ. ಅವಳ ಹತ್ತಿರ ಒಂದು ಭಾರದ ಟ್ರಂಕು. ಅದಕ್ಕೆ ಕೈ ಕೊಡುವವರು ಯಾರೂ ಇಲ್ಲ. ಕೊನೆಗೆ ಮುದುಕಿ ಟ್ರಂಕನ್ನು ಜನರ ನಡುವೆ ಇಟ್ಟು, ಸೊಂಟದಿಂದ ಬೀಗದ ಕೈ ತೆಗೆದು, ಮುಚ್ಚಳ ಎತ್ತುತ್ತಾಳೆ. ಅಷ್ಟರಲ್ಲಿ ವಿರಾಮ. ಹಾಲ್‌ನ ದೀಪ ಹತ್ತಿತು.

"ಇಲ್ಲೇ ಕೂತಿರು ಮರಿ. ಪಾಪ್‌ಕಾರ್ನ್ ತಂದೆ" ಎಂದು ನಗಬೇಡಿಯವರು ಎದ್ದರು.

ಕಥೆ ಇಲ್ಲಿಂದ ಕೆಡುತ್ತದೆ. ಆ ಕಟ್ಟಡದಲ್ಲಿ ಹಲವು ಸಿನಿಮಾ ಹಾಲ್‌ಗಳಿದ್ದವು. ಅಕ್ಕಪಕ್ಕದ ಎರಡು ಬಾಗಿಲುಗಳಿಗೂ ಒಂದೇ ಕೆಂಪು ಪರದೆ, ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ವಿರಾಮ. ಸಾಲಿನಲ್ಲಿ ನಿಂತು ಎರಡು ಪೊಟ್ಟಣ ಹಿಡಿದು ತಿರುಗುವಾಗ ಯಾರೋ ತಳ್ಳಿ, ಬೆಣ್ಣೆಯ ಕೈ ಕನ್ನಡಕಕ್ಕೆ ತಾಗಿತು. ಅಂಗಿಯ ತುದಿಯಿಂದ ಒರೆಸಿದರು. ಇದ್ದ ಮಬ್ಬೂ ಹರಡಿತು. ಬಾಗಿಲ ಮೇಲಿನ ಅಂಕಿ ಕಾಣದಿದ್ದರೇನು, ಪರದೆ ಕೆಂಪಗಿತ್ತಲ್ಲ, ಒಳಗೆ ನುಗ್ಗಿದರು. ಆಗಲೇ ಕತ್ತಲಾಗಿತ್ತು. ಸಾಲು ಎಣಿಸಿಕೊಂಡು ಹೋಗಿ, ದಾರಿಯ ಪಕ್ಕದ ಖಾಲಿ ಸೀಟಿನಲ್ಲಿ ಕೂತು, ಪಕ್ಕಕ್ಕೆ ಒಂದು ಪೊಟ್ಟಣ ಚಾಚಿ, "ತಗೋ" ಎಂದರು. ಸ್ವಲ್ಪ ತಡೆದು ಒಂದು ಕೈ ಅದನ್ನು ತೆಗೆದುಕೊಂಡಿತು.

ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ: ಗೊಂಬೆಗಳು ಮಾಯ! ಪರದೆಯ ಮೇಲೆ ನಿಜವಾದ ಮನುಷ್ಯ. ಗಡ್ಡ ಬಿಟ್ಟವನು. ಅಟ್ಟದ ಮೇಲೆ ಕೂತು ಒಂದು ಟ್ರಂಕಿನ ಮುಚ್ಚಳ ತೆಗೆಯುತ್ತಿದ್ದಾನೆ.

ಟ್ರಂಕು ಇತ್ತಲ್ಲ, ಅಷ್ಟು ಸಾಕಾಯಿತು. ಮುದುಕಿಯ ಟ್ರಂಕಿನೊಳಗೆ ಕ್ಯಾಮೆರಾ ಹೊಕ್ಕಿದೆ, ಒಳಗಿನಿಂದ ದೊಡ್ಡವರ ಲೋಕ ಹೊರಟಿದೆ ಎಂದು ನಗಬೇಡಿಯವರು ತಾವೇ ಸೇತುವೆ ಕಟ್ಟಿಕೊಂಡು ದಾಟಿಬಿಟ್ಟರು. ಅಣ್ಣ ತಮ್ಮ ಇಬ್ಬರು. ಮನೆ ಪಾಲಾಗಿದೆ. ನಡುವೆ ಗೋಡೆ ಎದ್ದಿದೆ. ವಕೀಲರು ಬಂದರು, ಅಣ್ಣ ಕಾಯಿಲೆ ಬಿದ್ದ, ಗೋಡೆಯಾಚೆಯ ಕೆಮ್ಮನ್ನು ತಮ್ಮ ಕೇಳುತ್ತ ಕೂತ. ಇದೆಂಥ ಮಕ್ಕಳ ಸಿನಿಮಾ! ಪಕ್ಕದಲ್ಲಿ ಮೂಗು ಎಳೆಯುವ ಸದ್ದು ಕೇಳಿಸಿತು. ಕತ್ತಲಲ್ಲೇ ತಡಕಿ ಕೈ ಹಿಡಿದುಕೊಂಡರು. "ಹೆದರಬೇಡ ಮರಿ, ತಾತ ಇದ್ದೀನಲ್ಲ" ಎಂದು ಪಿಸುಗುಟ್ಟಿದರು. ಮೊದಲು ಬಿಗಿಯಾಗಿದ್ದ ಕೈ ಮೆಲ್ಲಗೆ ಸಡಿಲವಾಯಿತು. ಮೊಮ್ಮಗಳ ಕೈ ಇಷ್ಟು ದಪ್ಪ ಯಾವಾಗ ಆಯಿತು ಎಂದು ಒಂದು ಗಳಿಗೆ ಅನಿಸಿತೇನೋ ನಿಜ. ಅಜ್ಜಿ ಚೆನ್ನಾಗಿ ತಿನ್ನಿಸುತ್ತಿದ್ದಾಳೆ ಎಂದುಕೊಂಡು ಸಮಾಧಾನಪಟ್ಟರು. ಬೆಳಕಿದ್ದರೆ ಮುಖದಲ್ಲಿನ ಕೂದಲೆಳೆಯನ್ನೂ ಕಾಣುವ ಮನುಷ್ಯ. ಕತ್ತಲಲ್ಲಿ ಕೈಗೂ ಕೈಗೂ ವ್ಯತ್ಯಾಸ ತಿಳಿಯಲಿಲ್ಲ.

ಅಣ್ಣ ತೀರಿಕೊಂಡು, ತಮ್ಮ ಸುತ್ತಿಗೆ ಹಿಡಿದು ಗೋಡೆ ಒಡೆಯತೊಡಗಿದಾಗ ಅವರಿಗೆ ಸಾಕಾಯಿತು. ವಿರಾಮದಲ್ಲಿ ಕುಡಿದಿದ್ದ ಸೋಡಾ ಕೂಡ ಏಳು ಎನ್ನುತ್ತಿತ್ತು. "ತಾತ ಹೊರಗೆ ಬಾಗಿಲ ಹತ್ರ ನಿಂತಿರ್ತೀನಿ. ಮುಗಿದ ಮೇಲೆ ಬಾ ಮರಿ" ಎಂದು ಕಿವಿಯ ಕಡೆಗೆ ಹೇಳಿ ಎದ್ದು ಬಂದರು.

ಸ್ವಲ್ಪ ಹೊತ್ತಿಗೆ ಎರಡೂ ಬಾಗಿಲುಗಳಿಂದ ಜನ ಹೊರಬಿದ್ದರು. ಆ ಗುಂಪಿನಲ್ಲಿ ಯಾರು ಕಾಣಬೇಕು? ವಾಪಸ್ ಸಾಹೇಬರು! ಕೆಂಪಾದ ಕಣ್ಣಿನಲ್ಲಿ, ಖಾಲಿ ಪೊಟ್ಟಣ ಹಿಡಿದುಕೊಂಡು, ಬಾಗಿಲ ಪಕ್ಕ ನಿಂತು ಯಾರನ್ನೋ ಹುಡುಕುತ್ತಿದ್ದರು. ರಜಾದಿನದಲ್ಲೂ ಈ ಮುಖ ನೋಡಬೇಕೇ ಎಂದು ನಗಬೇಡಿಯವರು ಕಂಬದ ಹಿಂದೆ ಸರಿದರು. ಸಾಹೇಬರು ತುಸು ಹೊತ್ತು ಕಾದು, ತಲೆ ತಗ್ಗಿಸಿ ಹೋದರು. ಆಮೇಲೆ ಮರಿ ಬಂದಳು. ಅವಳ ಕಣ್ಣೂ ಕೆಂಪಾಗಿತ್ತು. ಕೈಯಲ್ಲಿ ಒಂದು ಹೂವಿನ ಕರವಸ್ತ್ರ.

"ಅಳಬಾರದು ಮರಿ, ಅದು ಬರೀ ಸಿನಿಮಾ."

ಮರಿ ಅವರ ಮುಖವನ್ನೇ ಬಹಳ ಹೊತ್ತು ನೋಡಿದಳು. "ನೀನೂ ಅಳಬೇಡ ತಾತ" ಎಂದಳು. ಅವರು ಅಳುತ್ತಿರಲಿಲ್ಲ. ಮಕ್ಕಳು ಏನೋ ಒಂದು ಹೇಳುತ್ತವೆ.

ಮನೆಗೆ ಬಂದಾಗ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಲಿಫ್ಟಿನ ಹತ್ತಿರ ಸಿಕ್ಕರು. ಅವರು ಆ ಚಿತ್ರ ನೋಡಿರಲಿಲ್ಲ. ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳನ್ನೆಲ್ಲ ಓದಿದ್ದರು. ಹಾಗಾಗಿ ನೋಡಿದವರಿಗಿಂತ ಹೆಚ್ಚು ಮೆಚ್ಚಿಕೊಂಡಿದ್ದರು.

"ಹೇಗಿತ್ತು ಸಾರ್? ಅದ್ಭುತ ಅಲ್ವಾ?"

ನಗಬೇಡಿಯವರು ಲಿಫ್ಟಿನ ಗುಂಡಿ ಒತ್ತಿ, ನ್ಯಾಯಾಧೀಶರಂತೆ ಕಾಲರ್ ಸರಿಮಾಡಿಕೊಂಡರು. "ಹೊಗಳಿಕೆ ಅತಿಯಾಯ್ತು. ಮೊದಲರ್ಧ ಪರವಾಗಿಲ್ಲ. ಎರಡನೇ ಅರ್ಧದಲ್ಲಿ ದಾರಿ ತಪ್ಪಿದೆ."

"ದಾರಿ ತಪ್ಪಿದೆಯಾ?"

"ಪೂರ್ತಿ. ಮಕ್ಕಳ ಸಿನಿಮಾದಲ್ಲಿ ಆಸ್ತಿ ವ್ಯಾಜ್ಯ ಯಾಕೆ ಬೇಕು? ಗೊಂಬೆಗಳನ್ನೆಲ್ಲ ಎಲ್ಲಿಗೋ ಅಟ್ಟಿ, ಗಡ್ಡದವರನ್ನ ತಂದು ಕೂರಿಸಿದ್ದಾರೆ."

ಕಾರ್ಯದರ್ಶಿಗೆ ಓದಿದ್ದ ಒಂದು ವಾಕ್ಯ ನೆನಪಾಯಿತು: 'ಉತ್ತರಾರ್ಧದಲ್ಲಿ ಚಿತ್ರ ಧೈರ್ಯದಿಂದ ದೊಡ್ಡವರ ಲೋಕಕ್ಕೆ ಕಾಲಿಡುತ್ತದೆ.' ಅವರು ಬೆಚ್ಚಿದರು. ಎಲ್ಲ ಹೊಂದಿಕೊಳ್ಳುತ್ತಿತ್ತು! ಲಿಫ್ಟು ಬಂದು, ಕಾದು, ಹೊರಟುಹೋಯಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಎಲ್ಲ ಮಹಡಿಗಳಲ್ಲೂ ಇರುತ್ತಾರೆ. ಮೂರನೇ ಮಹಡಿಯ ಪ್ರೊಫೆಸರ್ ಮೇಡಂ ಚಿತ್ರವನ್ನು ನೋಡಿದ್ದರು. ಮನಶ್ಶಾಸ್ತ್ರ ಕಲಿಸುವವರು. ನಗಬೇಡಿಯವರ ಮಾತು ಕಿವಿಗೆ ಬಿದ್ದಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಣ್ಣತಮ್ಮ! ನಡುವೆ ಗೋಡೆ! ಅಂದ್ರೆ ಸಂತೋಷ ದುಃಖಗಳ ನಡುವೆ ನಾವು ಕಟ್ಟಿಕೊಳ್ಳೋ ಗೋಡೆ. ಎಂಥ ಒಳನೋಟ! ನನಗೆ ಹೊಳೀಲೇ ಇಲ್ವಲ್ಲ" ಎಂದರು. ಎದುರುಮನೆಯ ಡಾಕ್ಟರು ಚಿತ್ರದ ನಡುವೆ ನಿದ್ದೆ ಹೋಗಿದ್ದರು. ಗಡ್ಡದವರು ಬಂದದ್ದು ಆಗಲೇ ಇರಬೇಕೆಂದು ಒಪ್ಪಿಕೊಂಡರು. ಕೆಳಮನೆಯ ಅವಳಿಗಳ ತಂದೆ ಎರಡನೇ ಅರ್ಧವನ್ನು ಮಕ್ಕಳನ್ನು ಸರದಿಯ ಮೇಲೆ ಶೌಚಾಲಯಕ್ಕೆ ಕರೆದೊಯ್ಯುವುದರಲ್ಲಿ ಕಳೆದಿದ್ದರು. "ಸುತ್ತಿಗೆ ಸದ್ದು ನಾನೂ ಕೇಳಿದೆ" ಎಂದು ಸಾಕ್ಷಿ ನುಡಿದರು. ಪಕ್ಕದ ಹಾಲ್‌ನ ಗೋಡೆ ತೆಳುವಾಗಿದ್ದಿರಬೇಕು. ಎರಡನೇ ಅರ್ಧದಲ್ಲಿ ಕಂಡದ್ದನ್ನು ಕಂಡಂತೆ ಹೇಳಬಲ್ಲವರೆಂದರೆ ಮಕ್ಕಳು ಮಾತ್ರ. ಮಕ್ಕಳನ್ನು ಯಾರೂ ಕೇಳಲಿಲ್ಲ.

ವಾರದೊಳಗೆ ಕಟ್ಟಡ ಎರಡು ಪಂಗಡವಾಯಿತು. ಹೊಗಳಿಕೆ ಅತಿಯಾಯಿತು ಎನ್ನುವವರು, ಅತಿಯಾಗಲಿಲ್ಲ ಎನ್ನುವವರು. ಮೆಟ್ಟಿಲಲ್ಲಿ ಎದುರಾದರೆ ಇವರು ಅವರಿಗೆ ದಾರಿ ಬಿಡುತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ಕ್ಷೌರಿಕ ಕತ್ತರಿ ನಿಲ್ಲಿಸಿ, "ಸಾರ್, ನಿಮ್ಮದು ಯಾವ ಪಾರ್ಟಿ?" ಎಂದು ಕೇಳಿದ ಮೇಲೆಯೇ ಮುಂದುವರಿಯುತ್ತಿದ್ದ. ಫೋಟೋ ತೆಗೆಸಿಕೊಳ್ಳಲು ಬಂದವರು ಸ್ಟೂಲಿನ ಮೇಲೆ ಕೂತು, "ನೀವೇ ಅಂತಲ್ಲ ಅದನ್ನ ಕಂಡುಹಿಡಿದಿದ್ದು?" ಎನ್ನತೊಡಗಿದರು. ನಗಬೇಡಿಯವರು, ಮರಿ ಪಕ್ಕದಲ್ಲೇ ಕೂತು ಕೇಳುತ್ತಿರುವಾಗ, ಮನೆಗೆ ಬಂದವರಿಗೆಲ್ಲ ಗೋಡೆ ಕೆಮ್ಮುಗಳ ಕಥೆಯನ್ನು ಪೂರ್ತಿ ಹೇಳಿದರು, ಹೊಸ ಅಂಗಿಯನ್ನೂ ಹೊಲಿಸಿಕೊಂಡರು.

ಅಜ್ಜಿ ಮಾತ್ರ ಬಟ್ಟೆ ಮಡಚುತ್ತ ಒಂದು ದಿನ ಕೇಳಿದರು. "ಈ ಹೂವಿನ ಕರವಸ್ತ್ರ ಯಾರದ್ರೀ? ನಮ್ಮನೇದಲ್ಲ."

"ಮರಿ ಸಿನಿಮಾದಿಂದ ತಂದಳು."

"ನಿಮ್ಮ ಜೇಬಲ್ಲೂ ಕರವಸ್ತ್ರ ಇತ್ತಲ್ಲ. ಮಗು ಅತ್ತರೆ ಬೇರೆಯವರು ಯಾಕೆ ಕೊಟ್ಟರು?"

"ಜನ ಒಳ್ಳೆಯವರು" ಎಂದು ನಗಬೇಡಿಯವರು ಪತ್ರಿಕೆ ಬಿಡಿಸಿದರು. ಅಜ್ಜಿ ಮೊಮ್ಮಗಳ ಕಡೆ ನೋಡಿದರು. ಮರಿ ತಟ್ಟೆ ತೊಳೆಯಲು ಹೋದಳು.

ಮುಂದಿನ ವಾರ ಶಾಲೆಯಿಂದ ಕರೆ ಬಂತು.

ಶಾಲೆಯ ವಾರ್ಷಿಕ ದಿನಕ್ಕೆ ಮರಿಯನ್ನು ಕಥೆ ಹೇಳಲು ಆರಿಸಿದ್ದರು. ಆ ದಿನ ಅವಳಮ್ಮ ರಜೆ ಹಾಕಿ ಬರುವುದು ಗೊತ್ತಾಗಿತ್ತು. ಮನೆಯಲ್ಲಿ ಹೆಚ್ಚು ಮಾತಾಡದ ಮಗು ಕನ್ನಡಿಯ ಮುಂದೆ ಕಥೆ ಹೇಳಿಕೊಳ್ಳುವುದನ್ನು ಅಜ್ಜಿ ಬಾಗಿಲ ಸಂದಿಯಿಂದ ನೋಡಿದ್ದರು. ಈಗ ತರಗತಿಯಲ್ಲಿ ಎಲ್ಲರೂ ಆ ಚಿತ್ರದ ಕಥೆ ಹೇಳುವಾಗ ಮರಿ ಎದ್ದು ನಿಂತು ಅಣ್ಣ, ತಮ್ಮ, ವಕೀಲ, ಗೋಡೆ, ಸುತ್ತಿಗೆ ಎಂದು ಹೇಳಿದ್ದಳಂತೆ. ತರಗತಿ ತರಗತಿಯೇ ನಕ್ಕಿತಂತೆ. ಅಂದಿನಿಂದ ಅವಳಿಗೆ ಸುಳ್ಳಿ ಎಂದು ಹೆಸರು. ಬೆಂಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋಗಿದ್ದಳು.

ಟೀಚರ್ ಸಣ್ಣ ವಯಸ್ಸಿನವರು. ನಗಬೇಡಿಯವರಿಗೆ ಮಕ್ಕಳ ಪುಟ್ಟ ಕುರ್ಚಿ ಕೊಡಬೇಕಾಗಿ ಬಂದದ್ದಕ್ಕೆ ತಾವೇ ಸಂಕೋಚಪಟ್ಟು, ಇನ್ನೊಂದು ಅಂಥದೇ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತರು.

"ಸಾರ್, ಸಿನಿಮಾ ನಾನೂ ನೋಡಿದ್ದೀನಿ. ಅದರಲ್ಲಿ ವಕೀಲರು ಇಲ್ಲ."

"ಇದ್ದಾರಮ್ಮ. ಇಬ್ಬರು ಇದ್ದಾರೆ. ಒಬ್ಬರಿಗೆ ಮೀಸೆ ಇದೆ."

"ನಾನು ಕೊನೇವರೆಗೂ ನೋಡಿದೆ ಸಾರ್."

"ನಾನೂ ನೋಡಿದೆ. ಹೆಚ್ಚು ಕಡಿಮೆ ಕೊನೇವರೆಗೆ. ಮೊಮ್ಮಗಳ ಪಕ್ಕದಲ್ಲೇ ಕೂತು, ಕೈ ಹಿಡ್ಕೊಂಡು ನೋಡಿದೆ. ಅವಳು ಹೇಳಿದ ಒಂದೊಂದು ಅಕ್ಷರಾನೂ ನಿಜ. ಹೌದೋ ಅಲ್ವೋ ಮರಿ?"

ಮರಿ ತನ್ನ ಶೂಗಳನ್ನು ನೋಡುತ್ತ ನಿಂತಿದ್ದಳು. ಕೈ ಹಿಡಿದ ಮಾತು ಬಂದಾಗ ಒಮ್ಮೆ ತಲೆಯೆತ್ತಿದಳು. "ಹೌದು ತಾತ" ಎಂದಳು.

ಟೀಚರ್ ಇಬ್ಬರ ಮುಖವನ್ನೂ ನೋಡಿದರು. ಆ ಕ್ಷಣ ಮಗುವನ್ನು ಹಿಡಿದು ಪ್ರಶ್ನೆ ಹಾಕಿದ್ದರೆ ನಿಜ ಹೊರಬೀಳುತ್ತಿತ್ತು. ಅವರು ಹಾಗೆ ಮಾಡಲಿಲ್ಲ. "ನಾನೇ ಏನೋ ಮರೆತಿದ್ದೀನೇನೋ ಸಾರ್. ಆದ್ರೆ ಬೇರೆ ಮಕ್ಕಳ ತಂದೆತಾಯಿ ಸುಮ್ನಿಲ್ಲ. ಸುಳ್ಳು ಹೇಳೋ ಮಗೂನ ಸ್ಟೇಜ್ ಹತ್ತಿಸಬೇಡಿ ಅಂತಿದ್ದಾರೆ. ಭಾನುವಾರ ನಿಮ್ಮ ಕಟ್ಟಡದಲ್ಲಿ ಇದೇ ವಿಷಯ ಚರ್ಚೆ ಇದೆಯಂತಲ್ಲ, ನಾವೆಲ್ಲ ಬರ್ತೀವಿ. ಅಲ್ಲೇ ಇತ್ಯರ್ಥ ಆಗಲಿ" ಎಂದರು.

ದಾರಿಯುದ್ದಕ್ಕೂ ನಗಬೇಡಿಯವರು ಕುದಿಯುತ್ತಿದ್ದರು. ಊರಿಗೆ ಊರೇ ಒಂದಾಗಿ, ಹೊಗಳಿಕೆಯ ಅಮಲಿನಲ್ಲಿ, ಒಂದು ಮಗುವನ್ನು ಸುಳ್ಳಿ ಮಾಡುತ್ತಿದೆ! ಭಾನುವಾರ ತೋರಿಸುತ್ತೇನೆ ಎಂದುಕೊಂಡರು. ಮರಿ ಅವರ ಕಿರುಬೆರಳು ಹಿಡಿದು ಸುಮ್ಮನೆ ನಡೆಯುತ್ತಿದ್ದಳು.

ಸಂಘದ ತಿಂಗಳ ಚರ್ಚೆಗೆ ಸಾಮಾನ್ಯವಾಗಿ ನಾಲ್ಕೈದು ಜನ ಬರುತ್ತಿದ್ದರು, ವಿಷಯ ಬಹುತೇಕ ನೀರಿನ ಟ್ಯಾಂಕು. ಈ ಸಲ ಕೆಳಗಿನ ಹಾಲ್ ತುಂಬಿ, ಕಿಟಕಿಯ ಕಟ್ಟೆಗಳ ಮೇಲೂ ಜನ. 'ಆ ಚಿತ್ರಕ್ಕೆ ಸಿಕ್ಕ ಹೊಗಳಿಕೆ ಅತಿಯೇ?' ಎಂದು ಫಲಕ ಬರೆಸಿದ್ದರು. ಅಧ್ಯಕ್ಷತೆಗೆ ನಿಷ್ಪಕ್ಷಪಾತಿಯೊಬ್ಬರು ಬೇಕು ಎಂದು ಕಾರ್ಯದರ್ಶಿ ಕರೆತಂದದ್ದು ಯಾರನ್ನು? ವಾಪಸ್ ಸಾಹೇಬರನ್ನು. ಕಾರ್ಯದರ್ಶಿಯ ಗುರುತಿನ ಚೀಟಿಯ ಫೋಟೋ ಅವರ ಮೇಜಿನಿಂದ ಮತ್ತೆ ಮತ್ತೆ ವಾಪಸಾಗಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಕಾರ್ಯದರ್ಶಿ ತಾವಾಗಿಯೇ ಎಲ್ಲರಿಗೂ ಹೇಳುತ್ತಿದ್ದರು.

ಪ್ರೊಫೆಸರ್ ಮೇಡಂ ಗೋಡೆಯ ರೂಪಕದ ಬಗ್ಗೆ ಮಾತಾಡಿದರು. ಡಾಕ್ಟರು ಅದನ್ನು ಅನುಮೋದಿಸಿದರು. ಎದುರು ಪಂಗಡದವರು ಮೇಜು ಗುದ್ದಿದರು. ಆಮೇಲೆ ಯಾರೋ ಹಿಂದಿನಿಂದ, "ಆ ಮಗೂನೇ ಹೇಳಲಿ!" ಎಂದು ಕೂಗಿದರು.

ಮರಿ ಮುಂದೆ ಹೋಗಿ ನಿಂತಳು. ಮೈಕು ಅವಳ ತಲೆಗಿಂತ ಎತ್ತರಕ್ಕಿತ್ತು. ಟೀಚರ್ ಎದ್ದು ಬಂದು ಅದನ್ನು ಬಗ್ಗಿಸಿ ಕೊಟ್ಟು, ಅಲ್ಲೇ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮರಿ ಹೇಳಿದಳು: ಟ್ರಂಕು ತೆಗೆದರು, ಅಣ್ಣ ತಮ್ಮ ಇದ್ದರು, ಅಣ್ಣ ಕೆಮ್ಮಿದ, ತಮ್ಮ ಗೋಡೆಗೆ ಕಿವಿಯಿಟ್ಟು ಕೇಳಿದ. ಮಕ್ಕಳ ಸಾಲಿನಿಂದ "ಸುಳ್ಳಿ, ಸುಳ್ಳಿ" ಎಂದು ಸಣ್ಣ ರಾಗ ಎದ್ದಿತು. ನಗಬೇಡಿಯವರು ಎದ್ದೇಬಿಡುವಷ್ಟರಲ್ಲಿ ವಾಪಸ್ ಸಾಹೇಬರು ಕೈಯೆತ್ತಿದರು. ರಾಗ ನಿಂತಿತು. ಆ ಕೈಗೆ ಎಲ್ಲರೂ ಹೆದರುತ್ತಿದ್ದರು.

"ಈ ಮಗು ಸುಳ್ಳು ಹೇಳ್ತಿಲ್ಲ" ಎಂದರು ಸಾಹೇಬರು. "ಇದು ಸಿನಿಮಾನೇ. ಆದ್ರೆ ಆ ಸಿನಿಮಾ ಅಲ್ಲ. ಪಕ್ಕದ ಹಾಲ್‌ನಲ್ಲಿ ಇತ್ತು. ನಾನು ನೋಡಿದೆ."

ಅವರು ಭೂತಗನ್ನಡಿ ಇಲ್ಲದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟರು. "ನಮ್ಮಣ್ಣ ಹೋಗಿ ಸ್ವಲ್ಪ ದಿನ ಆಗಿತ್ತು. ಬಹಳ ವರ್ಷದಿಂದ ಮಾತಿರಲಿಲ್ಲ. ಒಂದು ಕಾಂಪೌಂಡು ಗೋಡೆ ವಿಷಯ. ಯಾವ ಸಿನಿಮಾ ಅಂತಾನೂ ಗೊತ್ತಿಲ್ಲದೆ ಹೋಗಿ ಕೂತೆ. ನೋಡಿದ್ರೆ ನಮ್ಮನೇ ಕಥೇನೇ. ಎದ್ದು ಬರೋಣ ಅಂದ್ಕೊಂಡೆ, ಕಾಲು ಬರಲಿಲ್ಲ. ವಿರಾಮ ಆದ್ಮೇಲೆ ಯಾರೋ ಮಹಾನುಭಾವರು ಕತ್ತಲಲ್ಲಿ ಬಂದು ಪಕ್ಕದಲ್ಲಿ ಕೂತ್ರು. ಕೈಗೆ ಪಾಪ್‌ಕಾರ್ನ್ ಕೊಟ್ರು. ಆಮೇಲೆ ನಾನು... ನನಗೆ ಸ್ವಲ್ಪ ನೆಗಡಿ ಥರ ಆಯ್ತು. ಅವರು ನನ್ನ ಕೈ ಹಿಡ್ಕೊಂಡು, ಹೆದರಬೇಡ ಮರಿ, ತಾತ ಇದ್ದೀನಲ್ಲ, ಅಂದ್ರು. ನಾನು ಮುಂದಿನ ವರ್ಷ ನಿವೃತ್ತಿ ಆಗೋನು. ನನ್ನನ್ನ ಮರಿ ಅಂದೋರು ಯಾರೂ ಉಳಿದಿರಲಿಲ್ಲ. ಬಾಗಿಲ ಹತ್ರ ನಿಂತಿರ್ತೀನಿ ಅಂದ್ರು. ಹೋಗಿ ಹುಡುಕಿದೆ. ಸಿಗಲಿಲ್ಲ."

ನಗಬೇಡಿಯವರ ಕಿವಿಯಲ್ಲಿ ಸುತ್ತಿಗೆ ಬಡಿಯತೊಡಗಿತು. ಕಂಬ ನೆನಪಾಯಿತು. ದಪ್ಪ ಕೈ ನೆನಪಾಯಿತು. ಆಮೇಲೆ ಕರವಸ್ತ್ರ ನೆನಪಾಯಿತು. ಹಾಗಾದರೆ ಮರಿ? ಎರಡನೇ ಅರ್ಧವಿಡೀ ಮರಿ ಆ ಕತ್ತಲಲ್ಲಿ ಒಬ್ಬಳೇ ಕೂತಿದ್ದಳು.

"ನನಗೆ ಅರ್ಥವಾಗದಿರೋದು ಒಂದೇ" ಎನ್ನುತ್ತಿದ್ದರು ಸಾಹೇಬರು. "ಆ ಸಿನಿಮಾದ ಕಥೆ ಈ ಮಗುವಿಗೆ ಹೇಗೆ ಗೊತ್ತಾಯ್ತು? ಯಾರು ಹೇಳಿದ್ರು ಪುಟ್ಟಾ?"

ಮರಿ ಒಮ್ಮೆ ತಾತನ ಕಡೆ ನೋಡಿದಳು. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಯಾರೂ ಇಲ್ಲ. ನಾನೇ ಸುಳ್ಳು ಹೇಳಿದ್ದು" ಎಂದಳು.

ನಗಬೇಡಿಯವರು ಎದ್ದು ನಿಂತರು. ಹೊಸ ಅಂಗಿಯ ತೋಳು ಕುರ್ಚಿಗೆ ಸಿಕ್ಕಿ ಪರ್ರೆಂದಿತು, ಅವರು ಗಮನಿಸಲಿಲ್ಲ.

"ಸಾರ್, ಅವಳಲ್ಲ. ನಾನು. ಆ ಸಿನಿಮಾದ ಎರಡನೇ ಅರ್ಧ ನಾನು ನೋಡಿಯೇ ಇಲ್ಲ. ತಪ್ಪು ಬಾಗಿಲಲ್ಲಿ ನುಗ್ಗಿಬಿಟ್ಟೆ. ನೋಡದೆ ಇರೋ ಸಿನಿಮಾನ ಅತಿ ಅಂದೆ, ಮಿತಿ ಅಂದೆ, ಇಷ್ಟು ಜನರನ್ನ ಕಚ್ಚಾಡಿಸಿದೆ. ನನ್ನ ಮಾನ ಉಳಿಸೋಕೆ ಈ ಮಗು ಶಾಲೆಯಲ್ಲಿ ಸುಳ್ಳಿ ಅನ್ನಿಸಿಕೊಂಡಿದೆ. ಪಾಪ್‌ಕಾರ್ನ್ ಕೊಟ್ಟೋನೂ ನಾನೇ ಸಾರ್. ಮರಿ ಅಂದೋನೂ ನಾನೇ. ಕಂಬದ ಹಿಂದೆ ಅಡಗಿದ್ದೆ."

ಪ್ರೊಫೆಸರ್ ಮೇಡಂ ಮೆಲ್ಲಗೆ ತಮ್ಮ ಭಾಷಣದ ಹಾಳೆಗಳನ್ನು ಚೀಲದೊಳಗೆ ಸೇರಿಸಿದರು. ಡಾಕ್ಟರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು. ಸಾಹೇಬರು ನಗಬೇಡಿಯವರನ್ನು, ವಾಪಸ್ ಕಳಿಸಿದ ಅಷ್ಟೂ ಫೋಟೋಗಳನ್ನು ಒಟ್ಟಿಗೆ ನೋಡುವವರಂತೆ ನೋಡಿದರು. ಅವರ ಎಡಗಡೆಯ ತುಟಿಯ ತುದಿ ತುಸುವೇ ಮೇಲೆದ್ದಿತು. ಅದು ನಿಯಮಕ್ಕೆ ವಿರುದ್ಧವಾಗಿತ್ತು.

"ನೀವಾ?" ಎಂದರು. ಅಷ್ಟೇ.

ನಗಬೇಡಿಯವರು ಮೊಮ್ಮಗಳ ಮುಂದೆ ಮಂಡಿಯೂರಿದರು. "ಯಾಕೆ ಮರಿ ಹೇಳಲಿಲ್ಲ, ತಾತ ಬರಲೇ ಇಲ್ಲ ಅಂತ?"

"ನೀನು ಅಳೋಕೆ ಹೊರಗೆ ಹೋಗಿದ್ದೆ ಅನ್ಕೊಂಡೆ" ಎಂದಳು ಮರಿ, ಮೈಕಿನ ಮುಂದೆಯೇ. "ಅಳೋದನ್ನ ಯಾರಿಗೂ ತೋರಿಸಬಾರದಲ್ವಾ? ನೀನು ಎಲ್ಲರಿಗೂ ಮುಖ ಸಪ್ಪಗಿರಲಿ ಅಂತೀಯಲ್ಲ. ಅದಕ್ಕೆ ನಾನೂ ಹೇಳಲಿಲ್ಲ. ನನ್ನ ಪಕ್ಕದಲ್ಲಿ ಒಬ್ಬರು ಆಂಟಿ ಇದ್ದರು. ಅವರು ಕರವಸ್ತ್ರ ಕೊಟ್ಟರು."

ಅಜ್ಜಿ ಎದ್ದು ಬಂದು ಮಗುವನ್ನು ಎತ್ತಿಕೊಂಡರು. ಗಂಡನ ಅಂಗಿಯ ಹರಿದ ತೋಳನ್ನು ಸೆರಗಿನ ಪಿನ್ನಿನಿಂದ ಕೂಡಿಸಿದರು. ಮಕ್ಕಳ ಸಾಲಿನಿಂದ ಒಬ್ಬ ಹುಡುಗಿ ಎದ್ದು, ಕುರ್ಚಿಗಳ ನಡುವೆ ನುಸುಳಿ, ಮರಿಯ ಕಾಲಿನ ಬಳಿ ಬಂದು ನಿಂತಳು. ಬೆಂಚು ಬಿಟ್ಟುಹೋಗಿದ್ದ ಗೆಳತಿ ಅವಳೇ.

"ವಾರ್ಷಿಕ ದಿನ ಯಾವ ಕಥೆ ಹೇಳ್ತೀಯ?" ಎಂದು ಟೀಚರ್ ಕೇಳಿದರು. ಅಲ್ಲಿಗೆ ಆ ವಿಷಯ ಇತ್ಯರ್ಥವಾಯಿತು. ಫಲಕದ ಮೇಲಿನ ವಿಷಯ ಮಾತ್ರ ಆಗಲಿಲ್ಲ. ಎರಡೂ ಪಂಗಡದವರು ನಗಬೇಡಿಯವರನ್ನು ಸುತ್ತುಗಟ್ಟಿದರು. ಕಾರ್ಯದರ್ಶಿ, "ಸಾರ್, ನೀವು ಹೋಗಿ ಪೂರ್ತಿ ನೋಡಿಬಂದು ಹೇಳೋವರೆಗೆ ಸಭೆ ಮುಗಿದಿಲ್ಲ ಅಂತ ಬರ್ಕೊಳ್ತೀನಿ" ಎಂದರು.

ಹಾಗಾಗಿ ಮುಂದಿನ ಭಾನುವಾರ ಮಧ್ಯಾಹ್ನ ಮತ್ತೆ ಅದೇ ಕೆಂಪು ಪರದೆ. ಮರಿ ಬಾಗಿಲ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ ತಾತನನ್ನು ಒಳಗೆ ಕರೆದೊಯ್ದಳು. ವಿರಾಮದಲ್ಲಿ ಅವರ ಅಂಗಿಯ ತುದಿಯನ್ನು ಬಿಡಲಿಲ್ಲ. ಸೋಡಾ ಕುಡಿಯಲು ಅಪ್ಪಣೆ ಸಿಗಲಿಲ್ಲ. ದೀಪ ಆರುವ ಹೊತ್ತಿಗೆ ಇನ್ನೊಂದು ಪಕ್ಕದ ಖಾಲಿ ಸೀಟಿನಲ್ಲಿ ಯಾರೋ ಬಂದು ಕೂತರು. ಕತ್ತಲಲ್ಲಿ ಒಂದು ಕೈ ತಾತನ ಕಡೆ ಪಾಪ್‌ಕಾರ್ನ್ ಪೊಟ್ಟಣ ಚಾಚಿತು.

"ತಗೊಳ್ಳಿ" ಎಂದಿತು ದನಿ. ಆ ದಪ್ಪ ಕೈಯನ್ನು ನಗಬೇಡಿಯವರು ಈ ಸಲ ಗುರುತಿಸಿದರು.

ಪರದೆಯ ಮೇಲೆ ಮುದುಕಿಯ ಟ್ರಂಕು ತೆರೆಯಿತು. ಒಳಗೆ ವಕೀಲರಿರಲಿಲ್ಲ. ಒಂದು ಕಾಲಿನ ಪುಟ್ಟ ಬೂಟು, ಮುರಿದ ಗಾಳಿಪಟ, ಯಾವುದೋ ಹಳೆಯ ಮನೆಯ ಕೀಲಿಕೈ, ಅಮ್ಮನ ಹಣೆಯ ಮೇಲೆ ಬೀಳುತ್ತಿದ್ದ ಒಂದು ಸುರುಳಿ ಕೂದಲು. ಎಲ್ಲ ಸಂತೋಷದ ಸಾಮಾನು. ಕಿಟಕಿ ಪಕ್ಕದ ಸೀಟಿಗೆ ಓಡುವ ಆತುರದಲ್ಲಿ ಸಂತೋಷ ಮರೆತು ಬಿಟ್ಟುಹೋದದ್ದನ್ನೆಲ್ಲ ಮುದುಕಿ ಒಂದೊಂದಾಗಿ ಹೆಕ್ಕಿ, ಒರೆಸಿ, ಇಷ್ಟು ದಿನ ಹೊತ್ತು ತಿರುಗುತ್ತಿದ್ದಳು. ಮೊದಲು ಕೋಪ ಬಂದು ಟ್ರಂಕಿನ ಒಂದು ಹಿಡಿ ಹಿಡಿಯಿತು. ಆಮೇಲೆ ಭಯ.

ನಗಬೇಡಿಯವರು ಮುಖವನ್ನು ಬಿಗಿಹಿಡಿದರು. ತುಟಿ ಅಲುಗದಂತೆ, ಹುಬ್ಬು ಏರದಂತೆ, ಜೀವಮಾನದ ಕಸುಬನ್ನೆಲ್ಲ ಪಣಕ್ಕಿಟ್ಟು ಕೂತರು. ಆಗ ಒಂದು ಪುಟ್ಟ ಕೈ ಅವರ ಕೈಯೊಳಗೆ ಬಂದಿತು. ಮರಿ ಅವರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಆಯ್ತು ತಾತ. ಈಗ ಅಳಬಹುದು."

ಕಟ್ಟಡದ ಬಾಗಿಲಲ್ಲಿ ಕಾರ್ಯದರ್ಶಿ, ಅವರ ಹಿಂದೆ ಎರಡೂ ಪಂಗಡದವರು ಕಾಯುತ್ತ ನಿಂತಿದ್ದರು. ನಗಬೇಡಿಯವರು ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದರಲ್ಲಿ ಕನ್ನಡಕವನ್ನೂ ಹಿಡಿದುಕೊಂಡು ಬಂದರು. ಸ್ವಲ್ಪ ಹಿಂದೆ ವಾಪಸ್ ಸಾಹೇಬರು ಮೂಗು ಒರೆಸಿಕೊಳ್ಳುತ್ತಿದ್ದರು.

"ಹೇಳಿ ಸಾರ್. ಹೊಗಳಿಕೆ ಅತಿಯಾಯ್ತಾ, ಇಲ್ವಾ?"

ನಗಬೇಡಿಯವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡರು. ಈ ಸಲ ಕಂಡದ್ದನ್ನು ಮಾತ್ರ ಹೇಳಬೇಕೆಂದು ನಿರ್ಧರಿಸಿಯೇ ಬಂದಿದ್ದರು.

"ಏನು ಹೇಳಲಿ ಕಣ್ರೀ" ಎಂದರು. "ಈ ಸಲಾನೂ ಎರಡನೇ ಅರ್ಧ ಸರಿಯಾಗಿ ಕಾಣಲಿಲ್ಲ."